ಅಪಕೂಕಿಗೊಂದು ತುಂಡು ಮೀನು

ದಕ್ಷಿಣ ಸಮುದ್ರದ ದ್ವೀಪವೊಂದರಲ್ಲಿರುವ ಲೆವುಕದ ಚರ್ಚಿನ ಗಡಿಯಾರ ಪ್ರತಿ ಗಂಟೆಯನ್ನೂ ಎರಡು ಸಲ ಹೊಡೆಯುತ್ತದೆ. ಒಮ್ಮೆ ಹೊಡೆದು, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಅದನ್ನೇ ಹೊಡೆಯುತ್ತದೆ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ನೆಮಾನಿಯ ಪ್ರಕಾರ ಮೊದಲನೆಯದು ಅಸಲು, ಎರಡನೆಯದು ಕಾಪಿ. ಮೊದಲನೆಯದು ಶುರುವಾದಾಗ ಯಾರಿಗೂ ಗಮನವಿರುವುದಿಲ್ಲ, ಅರ್ಧದಿಂದ ಎಣಿಸಿ ತಪ್ಪುತ್ತಾರೆ. ಎರಡನೆಯದನ್ನು ಎಣಿಸಿಕೊಂಡೇ ಇಡೀ ಊರು ಕೆಲಸಕ್ಕೆ ಹೊರಡುತ್ತದೆ. ಕಾಪಿಯನ್ನು ಬೈಯುವವರೆಲ್ಲ ಕಾಪಿ ನಂಬಿಕೊಂಡೇ ಬದುಕುತ್ತಿದ್ದಾರೆ ಅಂತ ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅಂತರ್ಜಾಲದಲ್ಲಿ ಅವನು ಬರೆಯುತ್ತಿದ್ದ ಪುಟಕ್ಕೂ 'ಎರಡನೇ ಗಂಟೆ' ಅಂತಲೇ ಹೆಸರಿಟ್ಟಿದ್ದ.

ಬೀಚ್ ಸ್ಟ್ರೀಟಿನಲ್ಲಿ ಅವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಮೊದಲು ಅದೇ ಅಂಗಡಿಯಲ್ಲಿ ಸಿನಿಮಾ ಕಾಪಿ ಮಾಡಿ ಮಾರುತ್ತಿದ್ದ. ಥಿಯೇಟರೇ ಇಲ್ಲದ ದ್ವೀಪ, ಜನ ಸಿನಿಮಾ ನೋಡುವುದು ಬೇರೆ ಹೇಗೆ? ಮೀನಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದ ಹೆಂಗಸರು ಕೈಯ ವಾಸನೆ ಹೋಗುವ ಮೊದಲೇ ಅವನ ಅಂಗಡಿಗೆ ಬಂದು ಡಿಸ್ಕ್ ಒಯ್ಯುತ್ತಿದ್ದರು. ಆಮೇಲೆ ಕಾನೂನು ಬಿಗಿಯಾಯಿತು, ದೇಶದಲ್ಲಿ ಕಾಪಿ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ನೆಮಾನಿಯ ಡಿಸ್ಕುಗಳೂ ಪೊಲೀಸರ ಗೋಣಿಚೀಲದಲ್ಲಿ ಹಡಗು ಹತ್ತಿ ಹೋದವು. ಆ ಸಿಟ್ಟು ಅವನಿಗೆ ಇನ್ನೂ ಇಳಿದಿರಲಿಲ್ಲ. ಅದನ್ನೇ ಕುಟ್ಟಿ ಕುಟ್ಟಿ ಪುಟದಲ್ಲಿ ಬರೆಯುತ್ತಿದ್ದ.

ಏನು ತೋಚಿದರೂ ಬರೆಯುವ ಪುಟ ಅದು. ಹಳೇ ಕಂಪ್ಯೂಟರಿಗೆ ಮನುಷ್ಯರ ಮೇಲೆ ನಂಬಿಕೆಯಿತ್ತು, ಹೊಸದು ಮಾತೆತ್ತಿದರೆ 'ಯಾರು ನೀನು' ಅಂತ ಕೇಳುತ್ತದೆ ಎಂದು ಒಂದು ವಾರ. ಊಟ ಮಾಡುವುದನ್ನು ಸರಿಯಾಗಿ ತೋರಿಸಲು ಬಾರದ ನಿರ್ದೇಶಕನನ್ನು ಉಳಿದ ಯಾವುದರಲ್ಲೂ ನಂಬಬೇಡಿ ಎಂದು ಇನ್ನೊಂದು ವಾರ. ಎಲ್ಲಕ್ಕಿಂತ ಹೆಸರಾದದ್ದು ಚಾಪೆಯ ಬರಹ. 'ನನ್ನ ಚಾಪೆ ನಿನಗೆ ಕೊಟ್ಟರೆ ನನ್ನ ನೆಲ ಖಾಲಿ. ನನ್ನ ಸಿನಿಮಾದ ಕಾಪಿ ಕೊಟ್ಟರೆ ನನ್ನ ನೆಲ ಹಾಗೇ ಇರುತ್ತದೆ, ನಿನ್ನ ನೆಲವೂ ತುಂಬುತ್ತದೆ. ಯಾರ ನೆಲವೂ ಖಾಲಿಯಾಗದ ಮೇಲೆ ಕಳ್ಳತನ ಎಲ್ಲಿಂದ ಬಂತು?'

ಹೆಸರಾದದ್ದು ಎಂದರೆ ಮೂರು ಜನರ ನಡುವೆ. ಬ್ರಿಸ್ಬೇನಿನಲ್ಲಿ ಮುದುಕರ ಆರೈಕೆ ಮನೆಯಲ್ಲಿ ಕೆಲಸ ಮಾಡುವ ಮಗಳು ಲಿತಿಯಾ ಓದಿ ಒಂದು ಹೃದಯದ ಚಿತ್ರ ಕಳಿಸಿದಳು. ಎಲ್ಲಿಯವನೋ ಗೊತ್ತಿಲ್ಲದ ಒಬ್ಬ ಎಂದಿನಂತೆ ಜಗಳ ತೆಗೆದ. ರಾಜಧಾನಿ ಸುವಾದಲ್ಲಿದ್ದ ಭಾವ ಅಪಕೂಕಿ, 'ಭಾವ, ಇದನ್ನ ಕಲ್ಲಲ್ಲಿ ಕೆತ್ತಿಸ್ಬೇಕು. ಖರ್ಚು ನೀನೇ ನೋಡ್ಕೋ' ಅಂತ ಬರೆದ. ಹೆಂಡತಿ ಉನೈಸಿಗೆ ನೆಮಾನಿಯೇ ಗಟ್ಟಿಯಾಗಿ ಓದಿ ಹೇಳಿದ. ಅವಳು ಗೆಣಸಿನ ಸಿಪ್ಪೆ ಹೆರೆಯುತ್ತಾ ಕೇಳಿದಳು.

"ಚೆನ್ನಾಗಿದೆ. ಚಾಪೆ ಹೆಣೆದೋಳ ವಿಷಯ ಎಲ್ಲೂ ಬರ್ಲಿಲ್ವಲ್ಲ?"

"ಅದು ಬೇರೆ ವಿಷಯ ಕಣೇ."

"ಹೂಂ. ಬೆರಳು ಸವೆಯೋದು ಯಾವಾಗ್ಲೂ ಬೇರೆ ವಿಷಯಾನೇ," ಅಂದಳು ಉನೈಸಿ.

ಚಾಪೆ ಹೆಣೆಯುವವಳು ಮನೆತನದಲ್ಲೇ ಇದ್ದಳು. ನೆಮಾನಿಯ ಅಪ್ಪನ ತಾಯಿ ಉಲಾಮಿಲ. ಇಲ್ಲಿ ಅಜ್ಜಿಗೆ ಬೂಬು ಅನ್ನುತ್ತಾರೆ, ಇಡೀ ಊರಿಗೇ ಅವಳು ಬೂಬು. ಲೆವುಕದಿಂದ ಬಸ್ಸಿನಲ್ಲಿ ಹೋದರೆ ಉತ್ತರದ ದಂಡೆಯ ಹಳ್ಳಿಯಲ್ಲಿ ಅವಳ ಮನೆ. ಕೇದಗೆಯಂಥ ಉದ್ದ ಎಲೆಗಳನ್ನು ಬೇಯಿಸಿ, ಒಣಗಿಸಿ, ಚಿಪ್ಪಿನಿಂದ ಹೆರೆದು ಮೆತ್ತಗೆ ಮಾಡುವಾಗ ಹಾಡುವ ಒಂದು ಹಾಡು ಅವಳಿಗೆ ಬರುತ್ತಿತ್ತು. ಆ ಕೆಲಸಕ್ಕೆ ಬಿಟ್ಟು ಬೇರೆಲ್ಲೂ ಅದನ್ನು ಹಾಡುವ ಹಾಗಿಲ್ಲ. ಅವಳ ಜೊತೆ ಹಾಡುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮಣ್ಣು ಸೇರಿ, ಕೊನೆಗೆ ಹಾಡು ಅವಳೊಬ್ಬಳ ಗಂಟಲಲ್ಲಿ ಉಳಿದಿತ್ತು.

ಪ್ರವಾಸಿಯೊಬ್ಬ ಕೆಟ್ಟಿತೆಂದು ಬಿಟ್ಟುಹೋದ ಕ್ಯಾಮೆರಾವನ್ನು ನೆಮಾನಿ ರಿಪೇರಿ ಮಾಡಿಕೊಂಡಿದ್ದ. ಅದನ್ನು ಹಿಡಿದು ಹಳ್ಳಿಗೆ ಹೋದಾಗಲೆಲ್ಲ ಬೂಬುವಿನ ಕೈ, ಎಲೆ, ಅಂಗಳ, ಹಾಡು ಎಲ್ಲ ತುಂಬಿಕೊಂಡು ಬರುತ್ತಿದ್ದ. ಬೇರೆಯವರ ಸಿನಿಮಾ ಕಾಪಿ ಮಾಡಿ ಅರ್ಧ ಆಯಸ್ಸು ಕಳೆದವನಿಗೆ ತನ್ನದೊಂದು ಸಿನಿಮಾ ಆಗುತ್ತಿದೆ ಅನ್ನುವ ಸುಖ. ಬೂಬು ಮೊದಲ ದಿನವೇ ಕೇಳಿದ್ದಳು.

"ಇದನ್ನ ಯಾರಿಗೆ ತೋರಿಸ್ತೀಯೋ?"

"ಎಲ್ರಿಗೂ ಬೂಬು."

"ಹಾಗಾದ್ರೆ ಬಾಗಿಲು ಹಾಕ್ಬೇಡ. ಇದು ಬಾಗಿಲು ತೆಗೆದಿಟ್ಟು ಹಾಡೋ ಹಾಡು. ದಾರೀಲಿ ಹೋಗೋರು ಕೇಳಿ ಒಳಗೆ ಬಂದು, ನಮ್ಜೊತೆ ಕೂತು ನಾಕು ಎಲೆ ಹೆರೀಲಿ ಅಂತಾನೇ ಹಾಡೋದು. ಬಾಗಿಲು ಹಾಕ್ಕೊಂಡು ಹಾಡಿದ್ರೆ ನಮ್ಮಮ್ಮ ಹೊಡೀತಿದ್ಲು."

"ಹಾಕಲ್ಲ ಬೂಬು," ಅಂದ ನೆಮಾನಿ. ಅವನು ಮಾತು ಕೊಟ್ಟು ಉಳಿಸಿಕೊಂಡದ್ದು ಕಡಿಮೆ. ಇದೊಂದನ್ನು ಉಳಿಸಿಕೊಳ್ಳಲೇಬೇಕು ಅಂತ ಮನಸ್ಸಿನಲ್ಲಿತ್ತು.

ಹಾಡು ಪೂರ್ತಿಯಾಗಿ, ಚೆನ್ನಾಗಿ ಸಿಕ್ಕಿದ್ದು ಒಂದೇ ದಿನ. ಆ ದಿನ ಅಪಕೂಕಿಯೂ ಸುವಾದಿಂದ ಬಂದು ಒಳಗೆ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ. ಅವನು ಬೂಬುವಿಗೆ ಮಗಳ ಮಗ. ಎಲ್ಲ ಮೊಮ್ಮಕ್ಕಳಿಗಿಂತ ಅವನ ಮೇಲೆ ಒಂದು ತೂಕ ಹೆಚ್ಚು ಪ್ರೀತಿ. ಹಾಡುತ್ತಾ ಹಾಡುತ್ತಾ ಬೂಬುವಿಗೆ ಅವನ ನೆನಪಾಯಿತು. ಕೈಯನ್ನೂ ನಿಲ್ಲಿಸಲಿಲ್ಲ, ರಾಗವನ್ನೂ ಬಿಡಲಿಲ್ಲ. ಅದೇ ಧಾಟಿಯಲ್ಲಿ ಅಡುಗೆಮನೆಯ ಕಡೆ ತಿರುಗಿ, "ಅಪಕೂಕಿಗೊಂದು ತುಂಡು ಮೀನು ಎತ್ತಿಡ್ರೇ" ಅಂತ ಹಾಡಿಬಿಟ್ಟು ಮುಂದಿನ ಸಾಲಿಗೆ ಹೋದಳು. ನೆಮಾನಿ ಚಿತ್ರದಲ್ಲಿ ಅದನ್ನು ಕತ್ತರಿಸಲಿಲ್ಲ. ಇಡೀ ಸಿನಿಮಾದಲ್ಲಿ ಊಟವನ್ನು ಸರಿಯಾಗಿ ತೋರಿಸಿದ ಜಾಗ ಅದೊಂದೇ ಅಂತ ಅವನಿಗೆ ಹೆಮ್ಮೆ.

ಮಳೆಗಾಲ ಮುಗಿಯುವ ಮೊದಲು ಬೂಬು ತೀರಿಕೊಂಡಳು.

ಮಣ್ಣಿಗೆ ಬಂದ ಅಪಕೂಕಿ ಅವಳ ಚಾಪೆಯ ಮೇಲೆ ಬಿದ್ದು ಮಗುವಿನ ಹಾಗೆ ಅತ್ತ. ಅದು ನಾಟಕವಲ್ಲ. ನೆಮಾನಿ ಎಷ್ಟು ಸಲ ಯೋಚಿಸಿದರೂ ಆ ಅಳುವಿನಲ್ಲಿ ಸುಳ್ಳು ಸಿಗಲಿಲ್ಲ, ಅದೇ ಮುಂದೆ ಅವನ ಹೊಟ್ಟೆ ಹೆಚ್ಚು ಉರಿಸಿದ್ದು. ಸುವಾದಲ್ಲಿ ಅಪಕೂಕಿ ರೆಸಾರ್ಟುಗಳಿಗೆ ಜಾಹೀರಾತಿನ ವಿಡಿಯೊ ಮಾಡಿಕೊಡುತ್ತಿದ್ದ. ಕೈ ತುಂಬ ಕೆಲಸ, ಬಾಯಿ ತುಂಬ ಮಾತು. ಅತ್ತು ಮುಗಿದ ಮೇಲೆ ಎಲ್ಲರ ಜೊತೆ ಮರದ ಬಟ್ಟಲಿನ ಸುತ್ತ ಕೂತು, ಬೇರು ಕುಟ್ಟಿ ನೀರಲ್ಲಿ ಕಲಸಿದ ಯಂಗೊನ ಕುಡಿಯುವಾಗ, ಅವನೇ ನಗಿಸಿ ನಗಿಸಿ ಸಾವಿನ ಮನೆಯನ್ನು ಉಸಿರಾಡುವ ಹಾಗೆ ಮಾಡಿದ.

"ಭಾವ, ನಿನ್ನ ಹೊಟ್ಟೆ ನೋಡಿದ್ರೆ ಮುಂದಿನ ಹಡಗಿಗೆ ಇನ್ನೊಂದು ಟಿಕೆಟ್ ತಗೋಬೇಕು."

"ನಿನ್ನ ಬಾಯಿಗೆ ಈಗಾಗ್ಲೇ ಎರಡು ತಗೋತಿದ್ದಾರಂತಲ್ಲ ಭಾವ."

ಭಾವಂದಿರು ಮಾತಾಡುವುದೇ ಹೀಗೆ. ಅತ್ತೆಯ ಮಗ, ಮಾವನ ಮಗ ಎಂದರೆ ಕಾಲೆಳೆಯಲು ಹುಟ್ಟಿದವರು. 'ನೀನು' ಬಿಟ್ಟು ಬೇರೆ ಮಾತಿಲ್ಲ. 'ನೀವು' ಅನ್ನುವುದು ಊರ ಹಿರಿಯರಿಗೆ, ಪಾದ್ರಿಗೆ, ಹೊರಗಿನವರಿಗೆ. ಭಾವನಿಗೆ ಯಾರಾದರೂ 'ನೀವು' ಅಂದರೆ ಅವನನ್ನು ಮನೆಯಿಂದ ಆಚೆ ಹಾಕಿದರು ಅಂತಲೇ ಅರ್ಥ.

ಮಾತಿನ ನಡುವೆ ಅಪಕೂಕಿ ದನಿ ತಗ್ಗಿಸಿದ. "ಭಾವ, ಕೆರೆಕೆರೆ. ಬೂಬುದು ನೀನು ತೆಗೆದಿದ್ದೆಲ್ಲ ನನಗೊಂದು ಕಾಪಿ ಬೇಕು. ಚಿತ್ರ ಅಷ್ಟೇ ಅಲ್ಲ, ಮೂಲದ್ದು, ದನಿ ಬೇರೆ ಮಾಡಿದ್ದು, ಎಲ್ಲ."

ಕೆರೆಕೆರೆ ಎಂದರೆ ಬೇಡಿಕೆ. ನೀರಿನ ಕೆರೆಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಎರಡರಲ್ಲೂ ನೆಂಟರು ಯಾರು ಬೇಕಾದರೂ ಬಂದು ಕೊಡ ಮುಳುಗಿಸಬಹುದು. ಆ ಮಾತು ಹೇಳಿ ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲ, ಯಾಕೆ ಅಂತ ಕೇಳುವುದಂತೂ ಅಸಹ್ಯ. ಅದರ ಮೇಲೆ ಅಪಕೂಕಿ ಈ ಊರಿನ ಹೆಣ್ಣುಮಗಳ ಮಗ. ಸೋದರಮಾವಂದಿರ ಊರಿನಲ್ಲಿ ಅವನು ಅಂಗಳದ ಹಂದಿಯನ್ನೇ ಹೊಡೆದುಕೊಂಡು ಹೋದರೂ ನಗುತ್ತಾ ದಾರಿ ಬಿಡಬೇಕು. ನೆಮಾನಿಗೆ ಕೊಡಲು ಬೇಸರವೂ ಆಗಲಿಲ್ಲ. ಕೊಡುವುದು ಕಾಪಿ, ನೆಲ ಖಾಲಿಯಾಗುವುದಿಲ್ಲವಲ್ಲ. ಒಂದು ಪುಟ್ಟ ಡ್ರೈವಿಗೆ ಎಲ್ಲವನ್ನೂ ತುಂಬಿ, ಬೂಬು ಹೆಣೆದ ಸಣ್ಣ ಚೀಲದಲ್ಲಿ ಹಾಕಿ ಕೊಟ್ಟ. ಅಪಕೂಕಿ ಅದನ್ನು ಹಣೆಗೆ ಒತ್ತಿಕೊಂಡ.

ಸೂತಕ ಕಳೆಯುವುದು ನೂರನೆಯ ದಿನಕ್ಕೆ. ಅಲ್ಲಿಯವರೆಗೆ ನೆಮಾನಿ ಕೂದಲು ಕತ್ತರಿಸುವುದಿಲ್ಲ ಅಂತ ಹರಕೆ ಹೊತ್ತಿದ್ದ. ಅಂಗಡಿ ಮುಚ್ಚಿದ ಮೇಲೆ ಕೂತು ಚಿತ್ರ ಕೂಡಿಸುತ್ತಿದ್ದ. ಉದ್ದೇಶ ಇದು: ಆ ದಿನ ಹಳ್ಳಿಯ ಸಭಾಮನೆಯಲ್ಲಿ ಬಿಳೀ ಬಟ್ಟೆ ಕಟ್ಟಿ ಎಲ್ಲರಿಗೂ ತೋರಿಸುವುದು, ಅದೇ ಹೊತ್ತಿಗೆ ಅಂತರ್ಜಾಲದಲ್ಲೂ ತೆರೆದಿಡುವುದು. ಬ್ರಿಸ್ಬೇನಿನಲ್ಲಿರುವ ಲಿತಿಯಾ, ಆಕ್ಲೆಂಡಿನ ನೆಂಟರು, ಇಂಗ್ಲೆಂಡಿನ ಸೈನ್ಯದಲ್ಲಿರುವ ಹುಡುಗರು, ಯಾರೂ ಮಣ್ಣಿಗೆ ಬರಲಾಗಿರಲಿಲ್ಲ. ಅವರೂ ಆ ಬಾಗಿಲಿನಿಂದ ಒಳಗೆ ಬಂದು ಕೂರಬೇಕು. ಬೂಬುವಿಗೆ ಕೊಟ್ಟ ಮಾತು ಅಂದೇ ತೀರಬೇಕು.

ಆ ದಿನ ಬೆಳಿಗ್ಗೆ ಅವನ ಕೂದಲನ್ನು ದೊಡ್ಡವರು ಕತ್ತರಿಸಿದರು. ನೆಲದೊಳಗಿನ ಒಲೆಯಲ್ಲಿ ಹಂದಿ, ಕೆಸುವಿನ ಗೆಡ್ಡೆ, ತೆಂಗಿನ ಹಾಲಿನಲ್ಲಿ ಸೊಪ್ಪು, ಎಲೆಯಲ್ಲಿ ಸುತ್ತಿದ ಮೀನು, ಎಲ್ಲ ಬೇಯುತ್ತಿತ್ತು. ಸುವಾದ ದೋಣಿಯಲ್ಲಿ ಬಂದಿಳಿದ ಅಪಕೂಕಿ ದೂರದಿಂದಲೇ ಕೂಗಿದ.

"ಭಾವ, ತಲೆ ಮೇಲೆ ಕೋಳಿ ಸಾಕಿದ್ದೀಯ ಅಂತ ಕೇಳಿದ್ದೆ. ಮೊಟ್ಟೆ ಎಲ್ಲಿ?"

"ನೀನು ಬರ್ತೀಯ ಅಂತ ಬಚ್ಚಿಟ್ಟೆ."

ಸಭಾಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಮೇಲುಗಡೆ ಚಿಕ್ಕಪ್ಪ ಇಸಿಕೇಲಿ. ಮನೆತನದಲ್ಲಿ ಈಗ ಅವನೇ ಹಿರಿಯ, ಅಪಕೂಕಿಗೆ ಸೋದರಮಾವ. ಶಾಲೆಯಿಂದ ತಂದ ಪ್ರೊಜೆಕ್ಟರ್ ಸಿದ್ಧವಾಗಿತ್ತು. ಬೆಳಿಗ್ಗೆಯೇ ಅಂತರ್ಜಾಲಕ್ಕೆ ಏರಿಸಿಟ್ಟಿದ್ದ ಚಿತ್ರವನ್ನು ನೆಮಾನಿ ತೆರೆದ. ಆಚೆಯವರಿಗೆ ಸರಿಯಾಗಿ ಬರುತ್ತಿದೆ ಅಂತ ಲಿತಿಯಾ ಹೇಳಿದ ಮೇಲೆ ಇಲ್ಲಿ ಶುರು ಮಾಡುವುದು ಅಂತ ಮಾತಾಗಿತ್ತು. ಅವಳ ಫೋನು ಬಂತು.

"ಅಪ್ಪಾ, ಬೂಬು ಬಾಯಿ ಆಡ್ತಿದೆ. ದನಿ ಬರ್ತಿಲ್ಲ."

"ನಿನ್ನ ಫೋನಿಂದು ಜಾಸ್ತಿ ಮಾಡ್ಕೊಳೇ."

"ಮಾಡಿದ್ದೀನಿ. ಕೆಳಗೆ ಏನೋ ಬರ್ದಿದೆ. ಈ ಹಾಡಿನ ಹಕ್ಕು ಬೇರೆಯವರದು, ಅದಕ್ಕೆ ದನಿ ತೆಗೆದಿದೆ ಅಂತ. ಆಕ್ಲೆಂಡಿಂದಾನೂ ಎಲ್ರೂ ಅದೇ ಹೇಳ್ತಿದಾರೆ."

ನೆಮಾನಿಗೆ ನಗು ಬಂತು. ಇಂಥದ್ದೆಂದರೆ ಅವನಿಗೆ ಹಬ್ಬ. ಎದ್ದು ನಿಂತು ಸಭೆಗೆಲ್ಲ ವಿವರಿಸಿದ. "ಆಚೆ ಒಂದು ಮೆಷಿನ್ ಇದೆ. ಯಾರು ಏನು ಹಾಕಿದ್ರೂ ಅದು ಕಿವಿಗೊಟ್ಟು ಕೇಳುತ್ತೆ. ತನ್ನ ಹತ್ರ ಇರೋ ಲಕ್ಷಾಂತರ ಹಾಡಿನ ಜೊತೆ ಹೋಲಿಸಿ ನೋಡುತ್ತೆ. ಹೋಲಿಕೆ ಕಂಡ್ರೆ ಕಳ್ಳ ಅನ್ನುತ್ತೆ. ಹಕ್ಕಿ ಕೂಗಿದ್ದನ್ನೇ ಯಾರದೋ ಹಾಡು ಅಂತ ಹಿಡಿದಿರೋ ಮೆಷಿನ್ ಇದು. ಈಗ ಅದರ ಪ್ರಕಾರ ನಮ್ಮ ಬೂಬು ಹಾಡು ಕದ್ದಿದ್ದಾಳೆ."

ಸಭೆ ಗೊಳ್ಳೆಂದಿತು. ಚಿಕ್ಕಪ್ಪ ಇಸಿಕೇಲಿಯೂ ಹೊಟ್ಟೆ ಹಿಡಿದುಕೊಂಡ. ಅಪಕೂಕಿ ಯಂಗೊನದ ಚಿಪ್ಪು ಕೆಳಗಿಟ್ಟು, "ಭಾವ, ಆ ಕಾಲದಿಂದ ಕಾಪಿ ಮಾಡಿ ಮಾಡಿ ನಿನ್ನ ಹೆಸರು ಮೆಷಿನ್ನಿಗೆ ಬಾಯಿಪಾಠ ಆಗಿರ್ಬೇಕು" ಅಂದ. ಮತ್ತೆ ನಗು. ನೆಮಾನಿಯೇ ಎಲ್ಲರಿಗಿಂತ ಜೋರಾಗಿ ನಕ್ಕ.

"ಅಪ್ಪಾ," ಲಿತಿಯಾ ಇನ್ನೂ ಫೋನಿನಲ್ಲೇ ಇದ್ದಳು, "ನಗ್ಬೇಡ. ಯಾರದು ಅಂತ ಹುಡುಕ್ದೆ. ಆಕ್ಲೆಂಡಲ್ಲಿ ಜಾಹೀರಾತಿಗೆ ಹಾಡು ಮಾರೋ ಕಂಪನಿ. ಅವರ ಹತ್ರ ಇದೆ ಅದು. ಓದ್ಲಾ? 'ದಕ್ಷಿಣ ಸಮುದ್ರದ ಜೋಗುಳ. ಹಾಡಿದವರು: ತಿಳಿದಿಲ್ಲ. ಧ್ವನಿಮುದ್ರಣ, ಹಕ್ಕು ನೀಡಿದವರು...' ಅಪ್ಪಾ, ಅಪಕೂಕಿ ಮಾವನ ಹೆಸರಿದೆ."

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದಳು. ಆಮೇಲೆ ಆ ಹಾಡನ್ನೇ ಹಾಕಿದಳು. ನೆಮಾನಿ ಫೋನನ್ನು ಕಿವಿಗೆ ಒತ್ತಿಕೊಂಡ. ಬೂಬುವಿನ ದನಿ. ಅಡಿಯಲ್ಲಿ ಯಾರೋ ಗಿಟಾರು ಸೇರಿಸಿದ್ದರು, ಅಲೆಯ ಸದ್ದು ಬೆರೆಸಿದ್ದರು. ಅಪಕೂಕಿಗೊಂದು ತುಂಡು ಮೀನು ಎತ್ತಿಡ್ರೇ. ಮತ್ತೆ ಬಂತು, ಅಪಕೂಕಿಗೊಂದು ತುಂಡು ಮೀನು ಎತ್ತಿಡ್ರೇ. ಆ ಭಾಷೆ ಬಾರದ ಯಾವನೋ ಪುಣ್ಯಾತ್ಮ ಅದನ್ನೇ ಪಲ್ಲವಿ ಮಾಡಿಬಿಟ್ಟಿದ್ದ.

ಹಾಡಿದವರು ತಿಳಿದಿಲ್ಲ. ಅವಳ ಚಾಪೆಯ ಮೇಲೆ ಬಿದ್ದು ಹೊರಳಾಡಿ ಅತ್ತವನಿಗೆ ತಿಳಿದಿಲ್ಲ. ಮಾರಿದ್ದು ಒಂದು ನೋವು. ಅದಕ್ಕಿಂತ ದೊಡ್ಡದು, ಈಗ ತಾನೇ ತಾನು ಮೆಷಿನ್ ಬಗ್ಗೆ ಭಾಷಣ ಬಿಗಿಯುತ್ತಿದ್ದಾಗ ಎಲ್ಲ ಗೊತ್ತಿದ್ದವನು ಎದುರಿಗೆ ಕೂತು ನಕ್ಕದ್ದು. ತನ್ನನ್ನೂ ನಗಿಸಿದ್ದು. ಬಟ್ಟಲಿನ ಆಚೆ ಅಪಕೂಕಿ ಯಾರಿಗೋ ಹಂದಿಯ ಕಥೆ ಹೇಳುತ್ತಿದ್ದ. ಒಮ್ಮೆ ನೆಮಾನಿಯ ಮುಖ ನೋಡಿದ, ಗುಟ್ಟು ಬಯಲಾಯಿತೆಂದು ಕಥೆಯ ನಡುವಿನಲ್ಲೇ ತಿಳಿದುಹೋಯಿತು ಅಂತ ಕಾಣುತ್ತದೆ, ಆದರೂ ಕಥೆ ನಿಲ್ಲಿಸಲಿಲ್ಲ.

ಕಂಪ್ಯೂಟರಿನ ಪರದೆಯ ಮೇಲೆ 'ಆಕ್ಷೇಪ ಇದ್ದರೆ ಒತ್ತಿ' ಅಂತ ಒಂದು ಗುಂಡಿಯಿತ್ತು. ನೆಮಾನಿಗೆ ಅದರ ಒಳಗೂ ಹೊರಗೂ ಗೊತ್ತು. ಒತ್ತಿದರೆ, ಇಂಥವನು ಸುಳ್ಳು ಹೇಳಿ ನನ್ನದನ್ನು ತನ್ನದು ಅಂದಿದ್ದಾನೆ ಅಂತ ತನ್ನ ಹೆಸರು ಹಾಕಿ ಬರೆಯಬೇಕು. ಬೂಬುವಿನ ಮೊಮ್ಮಗ ಕಳ್ಳ ಅಂತ, ಬೂಬು ಯಾರೆಂದೇ ಗೊತ್ತಿಲ್ಲದ ಊರಿನವರ ಮುಂದೆ ಬೂಬುವಿನ ಇನ್ನೊಬ್ಬ ಮೊಮ್ಮಗ ಹೇಳಬೇಕು. ಅದೂ ಒಂದು ಕಾಲದಲ್ಲಿ ಗೋಣಿಗಟ್ಟಲೆ ಕಾಪಿ ಮಾಡಿ ಸಿಕ್ಕಿಬಿದ್ದ ಮೊಮ್ಮಗ. ಬೆರಳು ಆ ಕಡೆ ಹೋಗಲಿಲ್ಲ. ಮನೆಯ ಮಾತಿಗೆ ಮನೆಯ ದಾರಿ ಇದೆಯಲ್ಲ ಅನ್ನಿಸಿತು. ಕೇಳಿದರೆ ಇಲ್ಲ ಅನ್ನುವ ಹಾಗಿಲ್ಲದ ದಾರಿ.

ಹಿರಿಯರ ಮುಂದೆ ಏನಾದರೂ ಕೇಳುವಾಗ ಇಡುವ ಒಣಗಿದ ಯಂಗೊನ ಬೇರಿನ ಕಟ್ಟನ್ನು ಉನೈಸಿಯ ಬುಟ್ಟಿಯಿಂದ ತೆಗೆದ. ಅವಳು ಗಂಡನ ಮುಖ ನೋಡಿ ದಾರಿ ಬಿಟ್ಟಳು. ನೆಮಾನಿ ಸಭೆಯ ನಡುವೆ ಬಂದು ಮಂಡಿಯೂರಿ, ಬೇರಿನ ಕಟ್ಟನ್ನು ಚಿಕ್ಕಪ್ಪನ ಕಡೆ ಸರಿಸಿ ಇಟ್ಟ.

"ಚಿಕ್ಕಪ್ಪ, ನಿಮ್ಮೆಲ್ರ ಮುಂದೆ ಭಾವನ ಹತ್ರ ಒಂದು ಕೇಳ್ಕೋತೀನಿ. ಕೆರೆಕೆರೆ." ಅವನು ಅಪಕೂಕಿಯ ಕಡೆ ತಿರುಗಿದ. "ಭಾವ, ಬೂಬು ಹಾಡು ನನಗೆ ವಾಪಸ್ ಕೊಡು."

ಚಿಕ್ಕಪ್ಪ ಬೇರನ್ನು ಮುಟ್ಟಿ ಒಪ್ಪಿಕೊಂಡ. ಎಲ್ಲರೂ ಅಂಗೈ ಗುಂಡಗೆ ಮಾಡಿ ಚಪ್ಪಾಳೆ ತಟ್ಟಿದರು. ಇನ್ನು ಅಪಕೂಕಿ ಇಲ್ಲ ಅನ್ನುವ ಹಾಗಿರಲಿಲ್ಲ. ಅವನ ಕಣ್ಣು ಒಂದು ಸಲ ಬಾಗಿಲ ಕಡೆ ಹೋಗಿ ಬಂತು. ಆಮೇಲೆ ತಾನೂ ಚಪ್ಪಾಳೆ ತಟ್ಟಿ, ಎದ್ದು ಹೋಗಿ, ತನ್ನ ಬ್ಯಾಗಿನಿಂದ ಒಂದು ಸಣ್ಣ ಚೀಲ ತಂದ. ಬೂಬು ಹೆಣೆದ ಚೀಲ. ಅದರೊಳಗಿಂದ ಡ್ರೈವ್ ತೆಗೆದು, ಮಂಡಿಯೂರಿ, ಎರಡೂ ಕೈಯಲ್ಲಿ ಹಿಡಿದು ಚಾಚಿದ.

"ತಗೋ ಭಾವ. ನೀನು ಕೊಟ್ಟಿದ್ದು ಹಾಗ್ಹಾಗೇ ಇದೆ. ಒಂದು ಚೂರೂ ಕಮ್ಮಿ ಆಗಿಲ್ಲ."

"ನಾನು ಇದನ್ನ ಕೇಳ್ಲಿಲ್ಲ," ಅಂದ ನೆಮಾನಿ, ಮೆಲ್ಲಗೆ, ಅವನಿಗೊಬ್ಬನಿಗೇ ಕೇಳುವ ಹಾಗೆ. "ಹಾಡಿನ ಬಾಗಿಲು ತೆಗಿ."

ಅಪಕೂಕಿಯೂ ಮೆಲ್ಲಗೆ ಹೇಳಿದ. "ಸೈನ್ ಹಾಕಾಗಿದೆ ಭಾವ. ಇನ್ನು ನನ್ನ ಕೈಲಿಲ್ಲ. ರೆಸಾರ್ಟಿನವ್ರು ಊರಿನ ಹಾಡು ಬೇಕು ಅಂದ್ರು, ಕೊಟ್ಟೆ. ಏನು ಹೋಯ್ತು ಹೇಳು? ನಿನ್ನ ಹತ್ರ ಇದೆ, ನನ್ನ ಹತ್ರ ಇದೆ, ಈಗ ಲೋಕದ ಹತ್ರಾನೂ ಇದೆ. ಯಾರ ನೆಲಾನೂ ಖಾಲಿ ಆಗಿಲ್ಲ. ನೀನೇ ಬರ್ದಿದ್ದಲ್ವಾ?"

ನೆಮಾನಿ ಡ್ರೈವನ್ನು ಕೈಗೆ ತೆಗೆದುಕೊಂಡ. ತನ್ನದೇ ಮಾತು, ತನ್ನದೇ ಧಾಟಿ, ಒಂದು ಅಕ್ಷರ ಹೆಚ್ಚು ಕಡಿಮೆಯಾಗದ ಕಾಪಿ. ಖಾಲಿಯಾದ ನೆಲ ಬ್ರಿಸ್ಬೇನಿನಲ್ಲಿತ್ತು, ಆಕ್ಲೆಂಡಿನಲ್ಲಿತ್ತು, ಇಂಗ್ಲೆಂಡಿನ ಯಾವುದೋ ಸೈನಿಕರ ಕೋಣೆಯಲ್ಲಿತ್ತು. ಅದನ್ನು ಅವನ ಬರಹ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೆಣೆದವಳ ಹೆಸರನ್ನೂ ತೆಗೆದುಕೊಂಡಿರಲಿಲ್ಲ, ಉನೈಸಿ ಅಂದೇ ಹೇಳಿದ್ದಳು.

"ಕೊಟ್ಟ," ಅಂದ ಚಿಕ್ಕಪ್ಪ ಇಸಿಕೇಲಿ ಸಮಾಧಾನದಿಂದ. ಅವನಿಗೆ ಕಂಡದ್ದು ಇಷ್ಟು: ಒಬ್ಬ ಕೇಳಿದ, ಒಬ್ಬ ಮಂಡಿಯೂರಿ ಎರಡೂ ಕೈಯಲ್ಲಿ ಕೊಟ್ಟ. ಪದ್ಧತಿಗೆ ಯಾವ ಊನವೂ ಇಲ್ಲ. "ವಿನಾಕ, ಒಳ್ಳೇದಾಯ್ತು ನನ್ನಪ್ಪ. ನೋಡಿ, ಬೂಬು ಬೆಳೆಸಿದ ಮಕ್ಕಳು ಅಂದ್ರೆ ಹೀಗಿರ್ಬೇಕು."

ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಟ್ಟದ್ದನ್ನು ಪಡೆದವನೂ ತಟ್ಟಬೇಕು. ನೆಮಾನಿ ತಟ್ಟಿದ. ಒಂದೊಂದು ಏಟೂ ಅವನಿಗೆ ತನ್ನ ಕೆನ್ನೆಯ ಮೇಲೇ ಬಿದ್ದ ಹಾಗಿತ್ತು. ಸಭೆಯ ಮುಂದೆ ಕೇಳಿ, ಸಭೆಯ ಮುಂದೆ ಪಡೆದಾಯಿತು. ಇನ್ನು ಯಾರ ಹತ್ತಿರ ಏನಂತ ದೂರುವುದು?

ಅಪಕೂಕಿಯ ಮುಖಕ್ಕೆ ಬಣ್ಣ ವಾಪಸು ಬಂತು. ಭುಜಕ್ಕೊಂದು 'ಧಪ್' ಅಂತ ಕೊಟ್ಟು, "ಚಿತ್ರ ಹಾಕು ಭಾವ. ಬರೀ ಭಾಷಣದಲ್ಲೇ ಸಾಯಿಸ್ತೀಯ" ಅಂದ. ತಿರುಗಿ ಒಂದು ಚಾಟಿಮಾತು ಬರಲಿ ಅಂತ ಕಾದ. ಬರಲಿಲ್ಲ.

ನೆಮಾನಿ ಚಿತ್ರ ಹಾಕಿದ. ಬಿಳೀ ಬಟ್ಟೆಯ ಮೇಲೆ ಬೂಬುವಿನ ಕೈ ಬಂತು, ಎಲೆ ಬಂತು, ಅಂಗಳ ಬಂತು. ಮುದುಕಿಯರು ಸೆರಗಿನಂತೆ ಹೊದ್ದ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡರು. ನೆಮಾನಿ ಫೋನನ್ನು ಸ್ಪೀಕರಿನ ಹತ್ತಿರ ಇಟ್ಟ, ಲಿತಿಯಾಗೆ ಅಷ್ಟಾದರೂ ಕೇಳಲಿ ಅಂತ. ದ್ವೀಪದ ಗಾಳಿಗೆ ಫೋನು ಒಂದು ಮಾತು ಹಿಡಿದು ಎರಡು ಮಾತು ಬಿಡುತ್ತಿತ್ತು. "ಕಟ್ ಆಗ್ತಿದೆ ಅಪ್ಪಾ, ಕಟ್ ಆಗ್ತಿದೆ" ಅಂತ ಅವಳು ಹೇಳುತ್ತಿದ್ದುದು ಮಾತ್ರ ಚೆನ್ನಾಗಿ ಕೇಳಿಸಿತು.

ಆಗ ಆ ಸಾಲು ಬಂತು. ಬಟ್ಟೆಯ ಮೇಲಿನ ಬೂಬು ಕೈ ನಿಲ್ಲಿಸದೆ, ರಾಗ ಬಿಡದೆ, ಅಡುಗೆಮನೆಯ ಕಡೆ ತಿರುಗಿ, ಅಪಕೂಕಿಗೊಂದು ತುಂಡು ಮೀನು ಎತ್ತಿಡ್ರೇ ಅಂದಳು. ಸಭೆಗೆ ಸಭೆಯೇ ಅಳುತ್ತಾ ನಕ್ಕಿತು. ಎಲ್ಲರೂ ಅಪಕೂಕಿಯ ಕಡೆ ತಿರುಗಿ ನೋಡಿದರು. ಅವನು ತಲೆ ತಗ್ಗಿಸಿದ್ದ. ಅಳುತ್ತಿದ್ದಾನೆ ಪಾಪ ಅಂದುಕೊಂಡರು. ಅಳುತ್ತಲೂ ಇದ್ದ.

ಊಟಕ್ಕೆ ಎಲೆ ಹಾಸಿದರು. ಒಲೆಯಿಂದ ತೆಗೆದ ಮೀನಿನಲ್ಲಿ ಒಳ್ಳೆಯ ತುಂಡೊಂದನ್ನು ನೆಮಾನಿ ತಾನೇ ಆರಿಸಿ, ತಟ್ಟೆಗೆ ಹಾಕಿ, ಕೆಸುವಿನ ಗೆಡ್ಡೆ ಪಕ್ಕಕ್ಕಿಟ್ಟು, ಅಪಕೂಕಿಯ ಮುಂದೆ ಬಂದ. ಭಾವನಿಗೆ ಯಾರೂ ಹೀಗೆ ಬಡಿಸುವುದಿಲ್ಲ. ತಟ್ಟೆಯಿಂದ ಕಿತ್ತುಕೊಳ್ಳುತ್ತಾರೆ, ಇಲ್ಲ ಅಂದರೆ ಮೇಲೆ ಎಸೆಯುತ್ತಾರೆ. ನೆಮಾನಿ ಮಂಡಿಯೂರಿ ಎರಡೂ ಕೈಯಲ್ಲಿ ತಟ್ಟೆ ಚಾಚಿದ. ಪಾದ್ರಿಗೆ ಕೊಡುವ ಹಾಗೆ.

"ತಗೊಳ್ಳಿ," ಅಂದ. "ನಿಮಗೆ ಎತ್ತಿಡೋಕೆ ಬೂಬು ಹೇಳಿದ್ಲು."

ಪಕ್ಕದಲ್ಲಿ ಕೂತವರ ಕೈ ಬಾಯಿಯ ಹತ್ತಿರ ನಿಂತಿತು. ಆ ಮಾತು ಒಬ್ಬರಿಂದ ಒಬ್ಬರಿಗೆ ದಾಟಿ ಮೇಲುಗಡೆಯವರೆಗೂ ಹೋಯಿತು. ಚಿಕ್ಕಪ್ಪ ಇಸಿಕೇಲಿ ತಲೆಯೆತ್ತಿ, ಮೊದಲ ಸಲ, ಇಬ್ಬರ ಮುಖವನ್ನೂ ಸರಿಯಾಗಿ ನೋಡಿದ.

"ಭಾವ," ಅಂದ ಅಪಕೂಕಿ. "ಏನಿದು, ನೀವು ಗೀವು ಅಂತ? ಬೈಯೋ. ಎರಡೇಟು ಹೊಡಿ. ಇದು ಬೇಡ."

"ಬೆಂದಿರೋ ಮೀನು, ಬಿಸಿ ಇದೆ," ಅಂದ ನೆಮಾನಿ. "ಮುಳ್ಳಿರುತ್ತೆ. ನೋಡ್ಕೊಂಡು ತಿನ್ನಿ."

ತಟ್ಟೆಯನ್ನು ಚಾಪೆಯ ಮೇಲಿಟ್ಟು ಎದ್ದು, ಉನೈಸಿಯ ಪಕ್ಕದಲ್ಲಿ ಹೋಗಿ ಕೂತ. ಫೋನು ಇನ್ನೂ ಸ್ಪೀಕರಿನ ಹತ್ತಿರವೇ ಇತ್ತು. ಚಿತ್ರ ಮುಗಿದು ಬಹಳ ಹೊತ್ತಾಗಿದೆ ಅಂತ ಲಿತಿಯಾಗೆ ಯಾರೂ ಹೇಳಿರಲಿಲ್ಲ.